ಫೋಟೋಗಳ ಜಿಪಿಎಸ್ ಇಟ್ಕೊಂಡು ಟ್ರಿಪ್ ರೂಟ್ ಎಳೀತಿದೀನಿ, ಗೆರೆ ಜೇಡರ ಬಲೆ ತರ ಬರ್ತಿದೆ, ಯಾರಾದ್ರೂ ನೋಡಿ ಹೇಳಿ

ದಾರಿಹೋಕಿ

ಎಲ್ರಿಗೂ ನಮಸ್ಕಾರ. ಅಮ್ಮನ ಜೊತೆ ಹನ್ನೊಂದು ದಿನ ಓಡಾಡ್ಕೊಂಡು ಬಂದ ಟ್ರಿಪ್ಪಿಂದು ಒಂದು ಮ್ಯಾಪ್ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಅವರ ರೂಮಿನ ಗೋಡೆಗೆ ಹಾಕ್ಬೇಕು ಅಂತ ಆಸೆ. ಮಂಡಿ ಆಪರೇಶನ್ ಆದ್ಮೇಲೆ ಅವರಿಗೆ ಅಷ್ಟು ದೂರದ ಓಡಾಟ ಆಗಲ್ಲ, ಆ ಹನ್ನೊಂದು ದಿನದ್ದೇ ಮಾತು ದಿನಾ. ಆದ್ರೆ ದಾರಿ ರೆಕಾರ್ಡ್ ಮಾಡೋ ಆ್ಯಪ್ ಯಾವ್ದೂ ನಾನು ಆನ್ ಮಾಡಿರ್ಲಿಲ್ಲ, ಕೈಯಲ್ಲಿರೋದು ಫೋಟೋ ಮಾತ್ರ, ಒಟ್ಟು 1,340. ಅದ್ರಲ್ಲಿ 900 ಚಿಲ್ರೆ ಫೋನಿಂದು, ಮಿಕ್ಕಿದ್ದು ಕ್ಯಾಮೆರಾದ್ದು. ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ, ಬ್ಲೂಟೂತಲ್ಲಿ ಫೋನಿಂದ ಲೊಕೇಶನ್ ತಗೊಂಡು ಫೋಟೋಗೆ ಹಾಕುತ್ತೆ.

ಫೋಟೋ ಒಳಗೆ ಬರೆದಿರೋ ಟೈಮ್, ಲೊಕೇಶನ್ ಮಾಹಿತಿ (ಎಕ್ಸಿಫ್) ಓದೋ ಎಕ್ಸಿಫ್‌ಟೂಲ್ ಹಾಕಿ ಎಲ್ಲಾ ಫೋಟೋದಿಂದ ಒಂದು ಜಿಪಿಎಕ್ಸ್ ಫೈಲ್, ಅಂದ್ರೆ ದಾರಿಯ ಪಾಯಿಂಟ್‌ಗಳ ಫೈಲ್ ಮಾಡ್ದೆ, ಮ್ಯಾಪಲ್ಲಿ ಓಪನ್ ಮಾಡಿದ್ರೆ ಗಾಬರಿ ಆಯ್ತು. ಗೆರೆ ಮುಂದೆ ಹೋಗಿ ವಾಪಸ್ ಬಂದು ಮತ್ತೆ ಮುಂದೆ ಹೋಗಿ, ಬೆಟ್ಟದ ಒಂದೇ ರಸ್ತೆ ಮೇಲೆ ನೂರು ಸಲ ಓಡಾಡಿದ ಹಾಗೆ. ಒಂದು ಗೆರೆ ಸೀದಾ ಆಫ್ರಿಕಾ ಪಕ್ಕದ ಸಮುದ್ರಕ್ಕೆ ಹೋಗಿ ನಿಂತಿದೆ, ನಾವು ಆ ಕಡೆ ಕಾಲೇ ಇಟ್ಟಿಲ್ಲ. ವಿಮಾನದಲ್ಲಿ ಕಿಟಕಿಯಿಂದ ಮೂರು ಫೋಟೋ ತೆಗ್ದಿದ್ದೆ, ಅದನ್ನೂ ಸ್ಕೇಲ್ ಇಟ್ಟು ಎಳೆದ ಹಾಗೆ ಜೋಡಿಸಿಬಿಟ್ಟಿದೆ. ಎಲ್ಲಿಂದ ಸರಿ ಮಾಡ್ಕೊಂಡು ಬರ್ಲಿ?

ನಕ್ಷೆಹುಚ್ಚ

ಮೊದ್ಲು ಸಮುದ್ರದ ಗೆರೆ, ಅದು ಸುಲಭ. ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಇರೋ ಜಾಗ ಗಿನಿ ಕೊಲ್ಲಿಯಲ್ಲಿದೆ. ಲೊಕೇಶನ್ ಸಿಗದೇ ಇದ್ದಾಗ ಕೆಲವು ಡಿವೈಸ್ ಖಾಲಿ ಬಿಡೋ ಬದಲು ಸೊನ್ನೆ ಸೊನ್ನೆ ಬರೆದುಬಿಡುತ್ತೆ. ನಿಮ್ಮ ಲಿಸ್ಟಲ್ಲಿ ಎರಡೂ ಸೊನ್ನೆ ಇರೋ ಸಾಲು ತೆಗೆದುಹಾಕಿ, ಅಷ್ಟೇ.

ಹಾಗೇ ಇನ್ನೊಂದು ನೋಡ್ಕೊಳ್ಳಿ. ಎಕ್ಸಿಫ್ ಒಳಗೆ ಅಕ್ಷಾಂಶ ಡಿಗ್ರಿ, ನಿಮಿಷ, ಸೆಕೆಂಡ್ ಆಗಿ ಇರುತ್ತೆ, ಮೈನಸ್ ಚಿಹ್ನೆ ಇರಲ್ಲ. ಉತ್ತರವೋ ದಕ್ಷಿಣವೋ, ಪೂರ್ವವೋ ಪಶ್ಚಿಮವೋ ಅನ್ನೋದು ಬೇರೆ ಟ್ಯಾಗಲ್ಲಿರುತ್ತೆ. ಬರೀ ನಂಬರ್ ಎತ್ತಿಕೊಂಡು ಆ ಟ್ಯಾಗ್ ಬಿಟ್ಟುಬಂದ್ರೆ ದಕ್ಷಿಣ ಗೋಳಾರ್ಧದ ಟ್ರಿಪ್ ಎಲ್ಲಾ ಉತ್ತರಕ್ಕೆ ಬಂದು ಬೀಳುತ್ತೆ. ಮತ್ತೆ ಕೆಎಮ್‌ಎಲ್, ಜಿಯೋಜೇಸನ್ ಅನ್ನೋ ಮ್ಯಾಪ್ ಫೈಲ್ ಎರಡರಲ್ಲೂ ಮೊದ್ಲು ರೇಖಾಂಶ, ಆಮೇಲೆ ಅಕ್ಷಾಂಶ. ನಾವು ಬಾಯಲ್ಲಿ ಹೇಳೋದು ಉಲ್ಟಾ ಅಲ್ವಾ, ಅಲ್ಲೇ ಎಡವೋದು. ಆಲ್ಪ್ಸಲ್ಲಿರೋ 47 ಉತ್ತರ, 11 ಪೂರ್ವ ಅನ್ನೋ ಜಾಗ ತಿರುಗಿಬಿದ್ರೆ ಸೊಮಾಲಿಯಾದ ಉತ್ತರ ಕರಾವಳಿ ಹತ್ರ ಹೋಗಿ ಕೂರುತ್ತೆ.

ಈಗ ಜೇಡರ ಬಲೆ. ನಂಗೆ ಅನ್ಸೋದು ಅದು ಜಾಗದ ತಪ್ಪಲ್ಲ, ಟೈಮಿನ ತಪ್ಪು. ಫೋಟೋಗಳನ್ನ ಯಾವ ಟೈಮ್ ಮೇಲೆ ಸಾರ್ಟ್ ಮಾಡಿದ್ರಿ? ಟ್ರಿಪ್ಪಲ್ಲಿ ಟೈಮ್ ಝೋನ್ ಬದಲಾಯ್ತಾ?

ದಾರಿಹೋಕಿ

ಹೌದು ಬದಲಾಯ್ತು, ಅಲ್ಲಿ ಮನೆ ಟೈಮಿಗಿಂತ ಎರಡೂವರೆ ಗಂಟೆ ಮುಂದೆ. ಸಾರ್ಟ್ ಮಾಡಿದ್ದು ಫೋಟೋ ತೆಗೆದ ಟೈಮ್ ಅಂತ ಒಂದು ಟ್ಯಾಗ್ ಇರುತ್ತಲ್ಲ, ಡೇಟ್‌ಟೈಮ್ ಒರಿಜಿನಲ್, ಅದರ ಮೇಲೆ.

ನಕ್ಷೆಹುಚ್ಚ

ಅಲ್ಲೇ ಇದೆ ನೋಡಿ ಗಂಟು. ಆ ಟ್ಯಾಗಲ್ಲಿರೋದು ಡಿವೈಸಿನ ಗೋಡೆ ಗಡಿಯಾರದ ಟೈಮ್ ಅಷ್ಟೇ, ಯಾವ ಝೋನ್ ಅಂತ ಅದರಲ್ಲಿ ಬರೆದಿರಲ್ಲ. ಫೋನು ಇಳಿದ ತಕ್ಷಣ ತಾನೇ ಹೊಸ ಟೈಮಿಗೆ ಹೋಗುತ್ತೆ, ಕ್ಯಾಮೆರಾ ಮನೆ ಟೈಮಲ್ಲೇ ಉಳಿಯುತ್ತೆ. ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದ್ರೆ ಫೋನಿನ ನಾಲ್ಕು ಗಂಟೆ ಫೋಟೋ ಪಕ್ಕ ಕ್ಯಾಮೆರಾದಲ್ಲಿ ನಿಜವಾಗಿ ಆರೂವರೆಗೆ ತೆಗೆದ ಫೋಟೋ ಬಂದು ನಿಲ್ಲುತ್ತೆ, ಗೆರೆ ಪಾಪ ಅಲ್ಲಿಗೊಂದ್ಸಲ ಇಲ್ಲಿಗೊಂದ್ಸಲ ಓಡಾಡುತ್ತೆ.

2016ರಲ್ಲಿ ಬಂದ ಎಕ್ಸಿಫ್ 2.31ರಿಂದ ಯುಟಿಸಿಗಿಂತ (ಇಡೀ ಪ್ರಪಂಚಕ್ಕೆ ಒಂದೇ ಆಗಿರೋ ಟೈಮ್) ಎಷ್ಟು ವ್ಯತ್ಯಾಸ ಅಂತ ಬರೆಯೋಕೆ ಬೇರೆ ಟ್ಯಾಗ್ ಇದೆ, ಆಫ್‌ಸೆಟ್ ಟೈಮ್ ಒರಿಜಿನಲ್ ಅಂತ. ಈಗಿನ ಫೋನುಗಳು ಸಾಮಾನ್ಯವಾಗಿ ಬರೀತವೆ, ಹಳೇ ಕ್ಯಾಮೆರಾಗಳಲ್ಲಿ ಇರಲ್ಲ. ಇದರ ಜೊತೆ ಜಿಪಿಎಸ್ ಡೇಟ್‌ಸ್ಟ್ಯಾಂಪ್, ಜಿಪಿಎಸ್ ಟೈಮ್‌ಸ್ಟ್ಯಾಂಪ್ ಅಂತ ಎರಡಿವೆ, ಅವು ಯಾವಾಗ್ಲೂ ಯುಟಿಸಿ. ಎಲ್ಲಾ ಫೋಟೋನೂ ಯುಟಿಸಿಗೆ ತಂದು ಆಮೇಲೆ ಸಾರ್ಟ್ ಮಾಡಿ. ಎಕ್ಸಿಫ್‌ಟೂಲಿಂದ ಸಿಎಸ್‌ವಿ ಅನ್ನೋ ಟೇಬಲ್ ಫೈಲ್ ತೆಗೆದು ಅದರಲ್ಲಿ ಯುಟಿಸಿ ಅಂತ ಒಂದು ಕಾಲಮ್ ಮಾಡ್ಕೊಳ್ಳಿ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿ ಪಾಯಿಂಟ್ಸ್ ಟು ಪಾತ್ ಅನ್ನೋ ಟೂಲಲ್ಲಿ ಆರ್ಡರ್ ಜಾಗದಲ್ಲಿ ಆ ಕಾಲಮ್ ಕೊಡಿ.

ಕ್ಯಾಮೆರಾಗೆ ಬರೀ ಎರಡೂವರೆ ಗಂಟೆ ಸೇರಿಸಿದ್ರೆ ಸಾಲದು, ಕ್ಯಾಮೆರಾ ಗಡಿಯಾರ ತಿಂಗಳುಗಟ್ಲೆ ಸೆಟ್ ಮಾಡದೇ ಇದ್ರೆ ಕೆಲವು ನಿಮಿಷ ಜಾರಿರುತ್ತೆ. ಟ್ರಿಪ್ಪಲ್ಲಿ ಎಲ್ಲಾದ್ರೂ ಗಡಿಯಾರ ಕಾಣೋ ಫೋಟೋ ಇದೆಯಾ ಹುಡುಕಿ.

ದಾರಿಹೋಕಿ

ಸಿಕ್ತು!! ರೈಲ್ವೆ ಪ್ಲಾಟ್‌ಫಾರಮಲ್ಲಿ ಅಮ್ಮ ಬ್ಯಾಗ್ ಮೇಲೆ ಕೂತಿರೋ ಫೋಟೋ, ಕ್ಯಾಮೆರಾದ್ದು. ಅವರ ತಲೆ ಹಿಂದೆ, ಕಂಬಕ್ಕೆ ನೇತುಹಾಕಿರೋ ದುಂಡು ಗಡಿಯಾರ. ಝೂಮ್ ಮಾಡಿದ್ರೆ ದೊಡ್ಡ ಮುಳ್ಳು ಎರಡರ ಮೇಲೆ, ಸಣ್ಣ ಮುಳ್ಳು ನಾಲ್ಕು ದಾಟಿದೆ, ಅಂದ್ರೆ 4:10. ಕ್ಯಾಮೆರಾ ಆ ಫೋಟೋಗೆ ಬರೆದಿರೋ ಟೈಮ್ 1:43. ವ್ಯತ್ಯಾಸ 2 ಗಂಟೆ 27 ನಿಮಿಷ. ಎರಡೂವರೆ ಗಂಟೆ ಝೋನಿಂದು ಅಂತ ತೆಗೆದ್ರೆ ಕ್ಯಾಮೆರಾ ಮೂರು ನಿಮಿಷ ಮುಂದೆ ಓಡ್ತಿತ್ತು. ಸ್ಟೇಷನ್ ಗಡಿಯಾರನೇ ತಪ್ಪಿದ್ರೆ ಅಂತ ಅನುಮಾನ ಬಂತು, ಅದೇ ಹೊತ್ತಲ್ಲಿ ಅದೇ ರೈಲು ಪ್ಲಾಟ್‌ಫಾರಮ್‌ಗೆ ಬರ್ತಿರೋದನ್ನ ಫೋನಲ್ಲೂ ತೆಗೆದಿದ್ದೆ, ಕ್ಯಾಮೆರಾದಲ್ಲೂ ತೆಗೆದಿದ್ದೆ. ಅದರಲ್ಲೂ ಲೆಕ್ಕ ಹಾಕಿದೆ, ಅದೇ 2:27 ಬಂತು.

ಕ್ಯಾಮೆರಾ ಫೋಟೋಗೆಲ್ಲ 2 ಗಂಟೆ 27 ನಿಮಿಷ ಸೇರಿಸಿ, ಆಮೇಲೆ ಎಲ್ಲಾನೂ ಯುಟಿಸಿಗೆ ತಂದು ಮತ್ತೆ ಎಳೆದೆ. ಬಲೆ ಮುಕ್ಕಾಲು ಪಾಲು ಹೋಯ್ತು, ಬೆಟ್ಟದ ರಸ್ತೆ ರಸ್ತೆ ತರ ಕಾಣ್ತಿದೆ. ಆದ್ರೆ ಆರನೇ ದಿನ ಕ್ಯಾಮೆರಾದ ನಲವತ್ತು ಫೋಟೋ ಒಂದೇ ಚುಕ್ಕೆ ಮೇಲೆ ಬಿದ್ದಿದೆ, ಫೋಟೋ ನೋಡಿದ್ರೆ ಕೆರೆ ಇದೆ, ಕಣಿವೆ ಇದೆ, ಸೇತುವೆ ಇದೆ, ಹತ್ತಿಪ್ಪತ್ತು ಕಿಲೋಮೀಟರ್ ಹೋಗಿದೀವಿ.

ಲೆನ್ಸ್‌ಮೇಲೆಧೂಳು

ಬ್ಲೂಟೂತ್ ಕಟ್ ಆಗಿರುತ್ತೆ. ನಂಗೂ ಹೀಗೇ ಆಗಿತ್ತು, ಒಂದಿಡೀ ಮಧ್ಯಾಹ್ನ ಹೋಯ್ತು. ಫೋನ್ ಬ್ಯಾಟರಿ ಉಳಿಸೋಕೆ ಹಿಂದೆ ಓಡ್ತಿರೋ ಆ್ಯಪನ್ನ ಮಲಗಿಸಿಬಿಡುತ್ತೆ, ಕ್ಯಾಮೆರಾ ಮಾತ್ರ ಕೊನೇ ಸಲ ಸಿಕ್ಕ ಲೊಕೇಶನ್ನೇ ಪ್ರತಿ ಫೋಟೋಗೂ ಒತ್ತುತ್ತಾ ಹೋಗುತ್ತೆ. ಕಂಡುಹಿಡಿಯೋದು ಹೀಗೆ: ಜಿಪಿಎಸ್ ಟೈಮ್‌ಸ್ಟ್ಯಾಂಪನ್ನ ಫೋಟೋ ತೆಗೆದ ಟೈಮಿನ ಪಕ್ಕ ಇಟ್ಟು ನೋಡಿ. ನಲವತ್ತು ಫೋಟೋದಲ್ಲೂ ಜಿಪಿಎಸ್ ಟೈಮ್ ಒಂದೇ ಆಗಿ ನಿಂತುಹೋಗಿದ್ರೆ ಮೊದಲನೇದು ಬಿಟ್ಟು ಮಿಕ್ಕಿದ್ದಕ್ಕೆ ಇರೋ ಲೊಕೇಶನ್ ಹಳಸಿದ್ದು, ತೆಗೆದುಹಾಕಿ. ಅದಕ್ಕೇ ಕ್ಯಾಮೆರಾ ಫೋಟೋನ ಜಿಪಿಎಸ್ ಟೈಮ್ ಮೇಲೆ ಸಾರ್ಟ್ ಮಾಡಬೇಡಿ, ನೀವು ಈಗ ಸರಿ ಮಾಡಿದ ಕ್ಯಾಮೆರಾ ಟೈಮೇ ವಾಸಿ.

ತೆಗೆದುಹಾಕಿದ ಫೋಟೋಗೆ ಹೊಸ ಜಾಗ ಕೊಡ್ಬೇಕಂದ್ರೆ, ಆ ದಿನದ ಫೋನ್ ಫೋಟೋಗಳಿಂದ ಮಾಡಿದ ಜಿಪಿಎಕ್ಸನ್ನ ಎಕ್ಸಿಫ್‌ಟೂಲಿನ ಜಿಯೋಟ್ಯಾಗ್ ಆಪ್ಷನ್‌ಗೆ ಕೊಡಿ. ಹಿಂದಿನ ಪಾಯಿಂಟ್ ಮುಂದಿನ ಪಾಯಿಂಟ್ ನೋಡಿ, ಟೈಮ್ ಲೆಕ್ಕದಲ್ಲಿ ನಡುವೆ ಎಲ್ಲಿ ಬರುತ್ತೋ ಅಲ್ಲಿಗೆ ಹಾಕುತ್ತೆ. ಡೀಫಾಲ್ಟಾಗಿ ಎರಡು ಪಾಯಿಂಟ್ ನಡುವೆ 1,800 ಸೆಕೆಂಡಿಗಿಂತ ಜಾಸ್ತಿ ಗ್ಯಾಪ್ ಇದ್ರೆ ನಡುವಿನ ಜಾಗ ಊಹಿಸೋಕೆ ಹೋಗಲ್ಲ. ಆ ಅರ್ಧ ಗಂಟೆ ಮಿತಿ ಒಳ್ಳೇದು, ಸಡಿಲ ಮಾಡ್ಬೇಡಿ. ಒಂದು ಕಾಪಿ ಇಟ್ಕೊಂಡೇ ಮಾಡಿ, ಒರಿಜಿನಲ್ ಮೇಲೆ ಕೈ ಇಡ್ಬೇಡಿ.

ಹಾದಿಬೀದಿ

ಇಷ್ಟೆಲ್ಲ ಯಾಕೆ, ಪಾಯಿಂಟ್ ಎಲ್ಲ ದಾರಿ ಹುಡುಕೋ ಸಾಫ್ಟ್‌ವೇರ್ ಓಎಸ್‌ಆರ್‌ಎಮ್‌ಗೋ ವಲ್ಹಾಲಾಗೋ ಕೊಟ್ಬಿಡಿ, ಅದೇ ರಸ್ತೆ ಮೇಲೆ ಕೂರಿಸಿ ನೀಟಾಗಿ ಗೆರೆ ಕೊಡುತ್ತೆ. ನಾನು ಬೈಕ್ ರೈಡಿಗೆಲ್ಲ ಅದೇ ಮಾಡೋದು, ನೋಡೋಕೂ ಚೆನ್ನಾಗಿರುತ್ತೆ.

ನಕ್ಷೆಹುಚ್ಚ

ಇದರಲ್ಲಿ ನಂದು ಸ್ವಲ್ಪ ತಕರಾರಿದೆ. ನೀವು ಬೈಕಲ್ಲಿ ಮಾಡೋದು ಸೆಕೆಂಡ್ ಸೆಕೆಂಡಿಗೂ ಪಾಯಿಂಟ್ ಇರೋ ಟ್ರ್ಯಾಕು, ಅದನ್ನ ರಸ್ತೆಗೆ ಹೊಂದಿಸೋದು ಮ್ಯಾಪ್ ಮ್ಯಾಚಿಂಗ್. ಪಾಯಿಂಟ್ ಹತ್ತಿರ ಹತ್ತಿರ ಇದ್ದಾಗ ಯಾವ ರಸ್ತೆ ಅಂತ ಅದಕ್ಕೆ ನಿಜವಾಗ್ಲೂ ಗೊತ್ತಾಗುತ್ತೆ. ಇವರದ್ದು ಫೋಟೋ, ಒಂದು ಜಾಗದಲ್ಲಿ ಅರವತ್ತು, ಆಮೇಲೆ ಮೂವತ್ತು ಕಿಲೋಮೀಟರ್ ಏನೂ ಇಲ್ಲ. ಆ ಮೂವತ್ತು ಕಿಲೋಮೀಟರಿಗೆ ಓಎಸ್‌ಆರ್‌ಎಮ್ ಕೊಡೋದು ಬೇಗ ಹೋಗೋ ದಾರಿ, ಅವರು ಹೋದ ದಾರಿ ಅಲ್ಲ. ಯಾರೋ ಹೇಳಿದ್ರು ಅಂತ ಹಳೇ ಘಾಟಿ ರಸ್ತೆ ಹಿಡಿದು ಹೋಗಿದ್ರೆ? ಅಮ್ಮ ಮ್ಯಾಪ್ ನೋಡಿ ಇದಲ್ಲ ನಾವು ಹೋಗಿದ್ದು ಅಂದ್ರೆ?

ನಾನು ಮಾಡೋದು ಹೀಗೆ. ಎರಡು ಫೋಟೋ ನಡುವೆ ಹತ್ತು ನಿಮಿಷಕ್ಕಿಂತ ಕಮ್ಮಿ, ಎರಡು ಕಿಲೋಮೀಟರಿಗಿಂತ ಕಮ್ಮಿ ಇದ್ರೆ ಗಟ್ಟಿ ಗೆರೆ. ಅದಕ್ಕಿಂತ ಜಾಸ್ತಿ ಇದ್ರೆ ಚುಕ್ಕಿ ಚುಕ್ಕಿ ಗೆರೆ, ಬೇಕಿದ್ರೆ ರಸ್ತೆ ಮೇಲೇ ಹೋಗ್ಲಿ, ಆದ್ರೆ ಚುಕ್ಕಿಯಾಗೇ ಇರ್ಲಿ. ಗ್ಯಾಪ್ ಇನ್ನೂ ದೊಡ್ಡದಾದ್ರೆ ಗೆರೆ ಕಟ್ ಮಾಡೋದು. ಜಿಪಿಎಕ್ಸಲ್ಲಿ ಒಂದೇ ಟ್ರ್ಯಾಕ್ ಒಳಗೆ ಬೇರೆ ಬೇರೆ ಸೆಗ್ಮೆಂಟ್ ಇಡೋಕೆ ಅವಕಾಶ ಇರೋದೇ ಇದಕ್ಕೆ. ಹತ್ತು ನಿಮಿಷ ಅನ್ನೋದು ಶಾಸ್ತ್ರ ಅಲ್ಲ, ನಡ್ಕೊಂಡು ಹೋಗಿದ್ರೆ ಬೇರೆ, ರೈಲಾದ್ರೆ ಬೇರೆ.

ಅರವತ್ತು ಫೋಟೋ ಇರೋ ವ್ಯೂಪಾಯಿಂಟಲ್ಲಿ ಗೆರೆ ನಕ್ಷತ್ರದ ತರ ಗೀಚಿಕೊಂಡಿರುತ್ತೆ. ಬಯಲಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ಇರುತ್ತೆ, ಬಂಡೆ ಕಟ್ಟಡ ಇದ್ರೆ ಇನ್ನೂ ಜಾಸ್ತಿ, ನಿಂತಲ್ಲೇ ನಿಂತಿದ್ರೂ ಚುಕ್ಕೆ ಅಲ್ಲಾಡುತ್ತೆ. ಹಿಂದಿನ ಪಾಯಿಂಟಿಂದ ಮೂವತ್ತು ಮೀಟರ್ ಒಳಗಿರೋದನ್ನ ಗೆರೆಯಿಂದ ಬಿಡಿ, ಫೋಟೋ ಮಾತ್ರ ಇರ್ಲಿ. ಆಮೇಲೆ ಒಂದು ಪಾಯಿಂಟಿಂದ ಮುಂದಿನದಕ್ಕೆ ಎಷ್ಟು ಸ್ಪೀಡ್ ಬೇಕಿತ್ತು ಅಂತ ಲೆಕ್ಕ ಹಾಕಿ, ಬೆಟ್ಟದ ರಸ್ತೆಲಿ ಗಂಟೆಗೆ 200 ಕಿಲೋಮೀಟರ್ ಬಂದ್ರೆ ಆ ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ.

ಹಾದಿಬೀದಿ

ಸರಿ ಒಪ್ಪಿದೆ. ಫೋಟೋಗೆ ನಾನು ಟ್ರೈ ಮಾಡಿಲ್ಲ, ಟ್ರ್ಯಾಕಿಗೆ ಮಾತ್ರ ಮಾಡಿದ್ದೆ. ಹಾಗಾದ್ರೆ ರೂಟಿಂಗ್ ಮಾಡೋದಾದ್ರೂ ದಿನಕ್ಕೊಂದ್ಸಲ ಮಾಡಿ, ಹನ್ನೊಂದು ದಿನ ಒಟ್ಟಿಗೆ ಕೊಡ್ಬೇಡಿ, ಎಲ್ಲಿ ಏನು ತಪ್ಪಿದೆ ಅಂತ ಹುಡುಕೋಕಾಗಲ್ಲ.

ಕಿಟಕಿಸೀಟು

ವಿಮಾನದ ವಿಷಯಕ್ಕೆ ಬಂದೆ, ಇದು ನನ್ನ ಇಷ್ಟದ ಸಬ್ಜೆಕ್ಟು, ಸ್ವಲ್ಪ ಉದ್ದ ಆದ್ರೆ ಓದಿ.

ಮೊದ್ಲು ಆ ಮೂರು ಫೋಟೋದ ಲೊಕೇಶನ್ ನಂಬಬಹುದಾ ಅಂತ ನೋಡಿ. ಜಿಪಿಎಸ್ ಅನ್ನೋದು ಬರೀ ಕೇಳಿಸ್ಕೊಳ್ಳೋ ರೇಡಿಯೋ, ಫೋನ್ ಏನನ್ನೂ ಕಳಿಸಲ್ಲ, ಅದಕ್ಕೇ ಈಗಿನ ತುಂಬಾ ಫೋನುಗಳಲ್ಲಿ ಏರೋಪ್ಲೇನ್ ಮೋಡಲ್ಲೂ ಅದು ಕೆಲಸ ಮಾಡುತ್ತೆ. ಆದ್ರೆ ನೆಲದ ಮೇಲಿದ್ದಾಗ ಉಪಗ್ರಹ ಎಲ್ಲಿದೆ ಅನ್ನೋ ಮಾಹಿತಿ ಇಂಟರ್ನೆಟ್ಟಿಂದ ಸಿಗ್ತಿರುತ್ತೆ, ಮೇಲೆ ಅದಿಲ್ಲ. ಪ್ರತಿ ಉಪಗ್ರಹದಿಂದ್ಲೇ ಅದನ್ನ ಕೇಳಿಸ್ಕೋಬೇಕು, ಅದು 30 ಸೆಕೆಂಡಿಗೊಂದ್ಸಲ ಹೇಳುತ್ತೆ, ನಡುವೆ ಸಿಗ್ನಲ್ ತಪ್ಪಿದ್ರೆ ಮತ್ತೆ ಮೊದಲಿಂದ. ಲೋಹದ ಗೋಡೆ ಒಳಗೆ ಸಣ್ಣ ಕಿಟಕಿಲಿ ಕಾಣೋದು ಆಕಾಶದ ಒಂದು ತುಂಡು, ಅದಕ್ಕೆ ಫೋನನ್ನ ಗಾಜಿಗೆ ಒತ್ತಿ ಎರಡು ಮೂರು ನಿಮಿಷ ಅಲ್ಲಾಡಿಸ್ದೆ ಹಿಡೀಬೇಕು. ನೀವು ತಕ್ಷಣ ತೆಗೆದು ಕ್ಲಿಕ್ ಮಾಡಿದ್ರೆ ಹಳೇ ಲೊಕೇಶನ್ ಬಂದಿರೋ ಸಾಧ್ಯತೆ ಇದೆ. ಗಂಟೆಗೆ 900 ಕಿಲೋಮೀಟರ್ ಅಂದ್ರೆ ನಿಮಿಷಕ್ಕೆ 15, ನಾಲ್ಕು ನಿಮಿಷ ಹಳೇದು ಅಂದ್ರೆ 60 ಕಿಲೋಮೀಟರ್ ಹಿಂದೆ ಚುಕ್ಕೆ. ಫೋಟೋದಲ್ಲಿ ಜಿಪಿಎಸ್ ಎತ್ತರ ಇದೆಯಾ ನೋಡಿ, ಹತ್ತು ಹನ್ನೊಂದು ಸಾವಿರ ಮೀಟರ್ ಇದ್ರೆ ಅದು ಮೇಲಿದ್ದಾಗ್ಲೇ ಸಿಕ್ಕಿರೋದು. ನೂರಿನ್ನೂರು ಮೀಟರ್ ಇದ್ರೆ ಏರ್‌ಪೋರ್ಟಲ್ಲಿ ಸಿಕ್ಕಿದ್ದು ಅಂಟಿಕೊಂಡಿದೆ.

ಇನ್ನು ಸ್ಕೇಲ್ ಗೆರೆ. ಚಪ್ಪಟೆ ಮ್ಯಾಪಲ್ಲಿ ನೇರವಾಗಿ ಕಾಣೋದು ದುಂಡು ಭೂಮಿ ಮೇಲೆ ಹತ್ತಿರದ ದಾರಿ ಅಲ್ಲ. ಲಂಡನ್ನಿಂದ ಲಾಸ್ ಏಂಜಲೀಸ್‌ಗೆ ಹತ್ತಿರದ ದಾರಿ ಗ್ರೀನ್‌ಲ್ಯಾಂಡ್ ಮೇಲೆ ಹೋಗುತ್ತೆ, ಮ್ಯಾಪಲ್ಲಿ ಅದು ಕಮಾನು ತರ ಕಾಣುತ್ತೆ. ಎರಡು ತುದಿ ಮಾತ್ರ ಕೊಟ್ರೆ ಸಾಫ್ಟ್‌ವೇರ್ ಸ್ಕೇಲ್ ಇಟ್ಟುಬಿಡುತ್ತೆ, ನಡುವೆ ನೂರು ಪಾಯಿಂಟ್ ಲೆಕ್ಕ ಹಾಕಿ ತುಂಬ್ಬೇಕು. 180 ಡಿಗ್ರಿ ರೇಖೆ ದಾಟೋ ಫ್ಲೈಟ್ ಆದ್ರೆ ಅಲ್ಲಿ ಗೆರೆಯನ್ನ ಎರಡು ತುಂಡು ಮಾಡಿ, ಇಲ್ಲಾಂದ್ರೆ 179ರಿಂದ ಮೈನಸ್ 179ಕ್ಕೆ ಇಡೀ ಪ್ರಪಂಚ ಸುತ್ತಿ ಅಡ್ಡಗೆರೆ ಬರುತ್ತೆ.

ಆದ್ರೆ ಕಮಾನೂ ಊಹೆನೇ. ವಿಮಾನಗಳು ಗಾಳಿ ನೋಡ್ಕೊಂಡು, ಏರ್‌ವೇ ಹಿಡ್ಕೊಂಡು, ಇಳಿಯೋ ಮುಂಚೆ ಸುತ್ತು ಹೊಡ್ಕೊಂಡು ಹೋಗ್ತವೆ. ನಿಜವಾದ ದಾರಿ ಬೇಕಂದ್ರೆ ಆ ದಿನದ ಎಡಿಎಸ್-ಬಿ ಟ್ರ್ಯಾಕ್ ಹುಡುಕಿ. ವಿಮಾನ ತಾನೆಲ್ಲಿದೀನಿ ಅಂತ ತಾನೇ ಸಾರ್ತಾ ಹೋಗುತ್ತೆ, ನೆಲದ ಮೇಲಿರೋ ರಿಸೀವರ್‌ಗಳು ಅದನ್ನ ಹಿಡೀತವೆ, ಫ್ಲೈಟ್‌ರಡಾರ್24, ಫ್ಲೈಟ್‌ಅವೇರ್, ಓಪನ್‌ಸ್ಕೈ ಇವೆಲ್ಲ ಹಾಗೇ ನಡೆಯೋದು. ನಡು ಸಮುದ್ರದಲ್ಲಿ ನೆಲದ ರಿಸೀವರ್ ಇರಲ್ಲ, ಅಲ್ಲಿ ಅವರೂ ಅಂದಾಜು ಗೆರೆ ಹಾಕಿರಬಹುದು, ಅದನ್ನ ನೀವೂ ಚುಕ್ಕಿ ಗೆರೆ ಮಾಡಿ. ಕೆಎಮ್‌ಎಲ್ ಸಿಕ್ರೆ ಇನ್ನೂ ಒಳ್ಳೇದು, ಎಕ್ಸಿಫ್‌ಟೂಲಿನ ಜಿಯೋಟ್ಯಾಗ್ ಅದನ್ನೂ ಓದುತ್ತೆ, ಲೊಕೇಶನ್ ಇಲ್ಲದ ಕಿಟಕಿ ಫೋಟೋಗಳಿಗೆ ಯುಟಿಸಿ ಟೈಮಿಂದ ಜಾಗ ಸಿಗುತ್ತೆ. ಫೈಲ್ ಒಳಗೆ ಪ್ರತಿ ಪಾಯಿಂಟಿಗೂ ಟೈಮ್ ಇದೆಯಾ ಮೊದ್ಲು ನೋಡ್ಕೊಳ್ಳಿ, ಬರೀ ಗೆರೆ ಇದ್ರೆ ಪ್ರಯೋಜನ ಇಲ್ಲ.

ಒಂದು ಮಾತು ಮರೀಬೇಡಿ, ಆ ಚುಕ್ಕೆ ವಿಮಾನ ಇದ್ದ ಜಾಗ, ಫೋಟೋದಲ್ಲಿ ಕಾಣೋ ಬೆಟ್ಟದ ಜಾಗ ಅಲ್ಲ. 11 ಕಿಲೋಮೀಟರ್ ಎತ್ತರದಿಂದ 45 ಡಿಗ್ರಿ ಕೆಳಗೆ ಕಾಣೋದು 11 ಕಿಲೋಮೀಟರ್ ಪಕ್ಕದಲ್ಲಿರುತ್ತೆ, 20 ಡಿಗ್ರಿ ಅಷ್ಟೇ ಕೆಳಗೆ ಕಂಡ್ರೆ 30 ಕಿಲೋಮೀಟರ್ ಆಚೆ.

ಡ್ರೋನಣ್ಣ

ಎತ್ತರದ ಮಾತು ಬಂತಲ್ಲ, ಡ್ರೋನ್ ಹಾರಿಸೋರಿಗೆ ಒಂದು ಹೇಳ್ಬಿಡ್ತೀನಿ. ಡಿಜೆಐ ಡ್ರೋನಿನ ಫೋಟೋದಲ್ಲಿ ಎರಡು ಎತ್ತರ ಇರುತ್ತೆ, ಆ್ಯಬ್ಸೊಲ್ಯೂಟ್ ಮತ್ತೆ ರಿಲೇಟಿವ್. ರಿಲೇಟಿವ್ ಅಂದ್ರೆ ಟೇಕಾಫ್ ಆದ ಜಾಗದಿಂದ ಎಷ್ಟು ಮೇಲೆ ಅಂತ. ಅದನ್ನ ಎಷ್ಟೋ ಜನ ನೆಲದಿಂದ ಎಷ್ಟು ಮೇಲೆ ಅಂದ್ಕೊಂಡು ಕೆಎಮ್‌ಎಲಲ್ಲಿ ರಿಲೇಟಿವ್ ಟು ಗ್ರೌಂಡ್ ಅಂತ ಹಾಕ್ತಾರೆ. ಬೆಟ್ಟದ ಬುಡದಲ್ಲಿ ಟೇಕಾಫ್ ಮಾಡಿ ಇಳಿಜಾರಿನ ಮೇಲೆ 100 ಮೀಟರ್ ರಿಲೇಟಿವಲ್ಲಿ ಹೋದ್ರೆ, ಗುಡ್ಡ ಅಲ್ಲಿ 80 ಮೀಟರ್ ಎದ್ದಿದ್ರೆ, ನಿಜಕ್ಕೂ ನೆಲದಿಂದ 20 ಮೀಟರ್ ಅಷ್ಟೇ ಇರೋದು. ಮ್ಯಾಪಲ್ಲಿ ಗೆರೆ ಗುಡ್ಡದ ಜೊತೆ ಏರಿಳಿಯುತ್ತೆ, ಡ್ರೋನ್ ಸೀದಾ ಹೋಗಿರುತ್ತೆ. ಟೇಕಾಫ್ ಜಾಗದ ಎತ್ತರ ತಿಳ್ಕೊಂಡು ಅದಕ್ಕೆ ರಿಲೇಟಿವ್ ಸೇರಿಸಿ ಆ್ಯಬ್ಸೊಲ್ಯೂಟ್ ಮೋಡಲ್ಲಿ ಹಾಕಿ.

ವಿಡಿಯೋ ತೆಗ್ದಿದ್ರೆ ಸಬ್‌ಟೈಟಲ್ ಆನ್ ಇತ್ತಾ ನೋಡಿ, ಆ ಎಸ್‌ಆರ್‌ಟಿ ಫೈಲಲ್ಲಿ ಉದ್ದಕ್ಕೂ ಅಕ್ಷಾಂಶ ರೇಖಾಂಶ ಬರೆದಿರುತ್ತೆ, ಫ್ಲೈಟ್ ಪಾತ್‌ಗೆ ಫೋಟೋಗಿಂತ ಅದೇ ಚಿನ್ನ.

ಅನಾಮಿಕ_ಓದುಗ

ನಂದು ಫೋಟೋ ಎಲ್ಲ ಫ್ರೆಂಡ್ಸ್ ವಾಟ್ಸಾಪಲ್ಲಿ ಕಳಿಸಿದ್ದು, ಎಕ್ಸಿಫ್‌ಟೂಲಲ್ಲಿ ಲೊಕೇಶನ್ನೇ ಬರ್ತಿಲ್ಲ ಏನ್ ಮಾಡೋದು

ಲೆನ್ಸ್‌ಮೇಲೆಧೂಳು

ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಎಕ್ಸಿಫ್ ಹೋಗಿಬಿಡುತ್ತೆ, ವಾಪಸ್ ಬರಲ್ಲ. ಅವರ ಹತ್ರ ಒರಿಜಿನಲ್ ಇದ್ರೆ ಡಾಕ್ಯುಮೆಂಟಾಗಿ ಕಳಿಸೋಕೆ ಹೇಳಿ. ಆಂಡ್ರಾಯ್ಡ್ 10ರಿಂದ ಆಚೆ, ಫೋಟೋದ ಲೊಕೇಶನ್ ನೋಡೋಕೆ ಆ್ಯಪಿಗೆ ಬೇರೆ ಪರ್ಮಿಷನ್ ಬೇಕು, ಅದಿಲ್ಲದ ಆ್ಯಪಿಂದ ಅಪ್‌ಲೋಡ್ ಮಾಡಿದ್ರೂ ಖಾಲಿ ಹೋಗುತ್ತೆ. ಕೇಬಲ್ ಹಾಕಿ ಕಾಪಿ ಮಾಡೋದು ಎಲ್ಲಕ್ಕಿಂತ ನೆಮ್ಮದಿ.

ಮತ್ತೆ ದಾರಿಹೋಕಿಯವರೇ, ಆ ಮ್ಯಾಪನ್ನ ನೆಟ್ಟಲ್ಲಿ ಹಾಕೋದಾದ್ರೆ ಮೊದಲನೇ ಮತ್ತು ಕೊನೇ ಒಂದೆರಡು ಕಿಲೋಮೀಟರ್ ಕತ್ತರಿಸಿ ಹಾಕಿ. ದಶಾಂಶದ ಐದನೇ ಸ್ಥಾನ ಅಂದ್ರೆ ಸುಮಾರು ಒಂದು ಮೀಟರ್, ನಿಮ್ಮ ಮನೆ ಬಾಗಿಲವರೆಗೂ ತೋರಿಸುತ್ತೆ. ಜಿಪಿಎಕ್ಸ್ ಫೈಲ್ ಯಾರಿಗಾದ್ರೂ ಕಳಿಸೋದಾದ್ರೂ ಅಷ್ಟೇ.

ದಾರಿಹೋಕಿ

ಎರಡು ವಾರ ಆದ್ಮೇಲೆ ಬರ್ತಿದೀನಿ. ಎಲ್ರೂ ಹೇಳಿದ್ದನ್ನ ಒಂದೊಂದಾಗಿ ಮಾಡ್ದೆ. ಕ್ಯಾಮೆರಾದ ಆ ನಲವತ್ತರಲ್ಲಿ ಮೂವತ್ತೊಂದಕ್ಕೆ ಫೋನ್ ಫೋಟೋಗಳಿಂದ ಜಾಗ ಸಿಕ್ತು, ಒಂಬತ್ತು ಬಿಟ್ಟೆ. ಕಿಟಕಿಯ ಮೂರು ಫೋಟೋದಲ್ಲಿ ಮೊದಲನೇದು ಏರ್‌ಪೋರ್ಟಿನ ಲೊಕೇಶನ್ನೇ ಆಗಿತ್ತು, ಎತ್ತರ ನೋಡಿ ಗೊತ್ತಾಯ್ತು. ಮಿಕ್ಕಿದ ಎರಡು 11 ಸಾವಿರ ಮೀಟರ್ ಚಿಲ್ರೆ, ಟ್ರ್ಯಾಕ್ ತಂದು ಮೇಲಿಟ್ಟು ನೋಡಿದ್ರೆ ಎರಡೂ ಗೆರೆ ಮೇಲೇ ಕೂತಿವೆ, ಅದನ್ನ ನೋಡಿ ಎಷ್ಟು ಖುಷಿ ಆಯ್ತು ಅಂತ ಹೇಳೋಕಾಗಲ್ಲ.

ರಸ್ತೆ ವಿಷಯದಲ್ಲಿ ನಕ್ಷೆಹುಚ್ಚ ಅವರ ಮಾತೇ ಇಟ್ಕೊಂಡೆ. ಗೊತ್ತಿರೋ ಕಡೆ ಗಟ್ಟಿ ಗೆರೆ, ಇಲ್ಲದ ಕಡೆ ಚುಕ್ಕಿ, ಎಂಟನೇ ದಿನ ಮಧ್ಯಾಹ್ನ ಮೂರು ಗಂಟೆ ಒಂದೂ ಫೋಟೋ ಇಲ್ಲ, ಅಲ್ಲಿ ಗೆರೆನೇ ಕಟ್ ಮಾಡಿ ಖಾಲಿ ಬಿಟ್ಟೆ. ಪ್ರಿಂಟ್ ಮನೆಗೆ ಬಂದ ದಿನ ಅಮ್ಮ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ದಾರಿ ಹಿಡ್ಕೊಂಡು ಬಂದ್ರು, ಖಾಲಿ ಜಾಗಕ್ಕೆ ಬಂದಾಗ ಬೆರಳು ನಿಲ್ತು. ಇಲ್ಲಿ ಮಳೆ ಬಂತಲ್ಲೇ, ನೀನು ಕ್ಯಾಮೆರಾ ಫೋನು ಎರಡೂ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ನನ್ನ ಬ್ಯಾಗಿಗೆ ತುರುಕಿದ್ದೆ, ಡ್ರೈವರು ಸೇತುವೆ ಹತ್ರ ನೀರು ಬಂದಿದೆ ಅಂತ ವಾಪಸ್ ತಿರುಗಿಸ್ಕೊಂಡು ಮೇಲಿನ ದಾರೀಲಿ ಕರ್ಕೊಂಡು ಹೋದ ಅಂದ್ರು. ನಂಗೆ ಪೂರ್ತಿ ಮರೆತೇ ಹೋಗಿತ್ತು. ಆಮೇಲೆ ಪೆನ್ಸಿಲ್ ಕೇಳಿ ಇಸ್ಕೊಂಡು, ಆ ಖಾಲಿ ಜಾಗದಲ್ಲಿ ತಾವೇ ಮೆಲ್ಲಗೆ ಒಂದು ಗೆರೆ ಎಳೆದ್ರು, ಸೇತುವೆವರೆಗೂ ಹೋಗಿ, ವಾಪಸ್ ತಿರುಗಿ, ಮೇಲಿನ ದಾರಿ ಹತ್ತಿ.